ಹಕ್ಕಿ ಎನ್ನಲಾರದವರ ಕಡವು

ಬಹಳ ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಮಣಿಸಾಲೆ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಒಂದು ದೊಡ್ಡ ಹೊಳೆ. ಮೂಡಣ ದಡದವರು ಹಕಾರವನ್ನು ಚೆನ್ನಾಗಿ ನುಡಿಯುತ್ತಿದ್ದರು. ಪಡುವಣ ದಡದವರ ಬಾಯಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಹಾಲು ಅವರಿಗೆ ಆಲು, ಹೂವು ಅವರಿಗೆ ಊವು. ಕುಡಿದರೆ ರುಚಿ ಒಂದೇ, ಮುಡಿದರೆ ಕಂಪು ಒಂದೇ. ಯಾರಿಗೂ ಏನೂ ತೊಂದರೆ ಇರಲಿಲ್ಲ.

ಹೊಳೆ ದಾಟಲು ಇದ್ದದ್ದು ಒಂದೇ ಕಡವು. ಅಲ್ಲಿಗೆ ಶಬ್ದಕಂಟಕನೆಂಬ ಮಾಂತ್ರಿಕ ಬಂದು ಕೂತ. ಪಡುವಣದವರು ಮೂಡಣಕ್ಕೆ ಕಾಲಿಡಬಾರದು ಎಂಬುದು ಅವನ ಹಟ. ಅರಸನೂ ಅವನಿಗೆ ಹೆದರಿ ಸುಮ್ಮನಿದ್ದ. ದಾಟುವವರು ಮೂರು ಮಾತು ಹೇಳಬೇಕು: ಹುಳಿ, ಹರಳು, ಹಕ್ಕಿ. ತಪ್ಪಿ ನುಡಿದವರು ತಾವು ನುಡಿದದ್ದೇ ಆಗಿಬಿಡುತ್ತಿದ್ದರು. ‘ಉಳಿ’ ಎಂದವನು ಬಡಗಿಯ ಉಳಿಯಾದ. ‘ಅರಳು’ ಎಂದವಳು ಒಂದು ಹಿಡಿ ಅರಳಾದಳು. ‘ಅಕ್ಕಿ’ ಎಂದವರನ್ನೆಲ್ಲ ಮಾಂತ್ರಿಕ ಬಾಚಿ ಕಣಜಕ್ಕೆ ತುಂಬುತ್ತಿದ್ದ.

ಇಂಥ ಮಾತಿಗೆ ಇಂಗ್ಲಿಷಿನಲ್ಲಿ ಒಂದು ಅಪರೂಪದ ಹೆಸರಿದೆ: ಶಿಬ್ಬೋಲೆತ್. ಹೀಬ್ರೂ ಭಾಷೆಯಲ್ಲಿ ಅದರ ಅರ್ಥ ತೆನೆ, ಅಷ್ಟೇ. ಅದನ್ನು ಹೇಳಿಸಿ, ‘ಶ’ ಬಾರದೆ ‘ಸ’ ಎಂದವರನ್ನು ಹೊಳೆಯ ದಡದಲ್ಲೇ ಕೊಂದರೆಂದು ಹಳೆಯ ಕತೆ. ಮುಂದೆ, ನಮ್ಮವರಾರು ಹೊರಗಿನವರಾರು ಎಂದು ಪತ್ತೆಹಚ್ಚುವ ಮಾತಿಗೆಲ್ಲ ಅದೇ ಹೆಸರಾಯಿತು. ಹೊಟ್ಟೆ ತುಂಬಿಸುವ ತೆನೆಗೆ ಎಂಥ ಗತಿ ಬಂತು ನೋಡಿ!

ಇರಲಿ. ಪಡುವಣದ ಕುಂಬಾರ ಹೊನ್ನಯ್ಯ ಉಪ್ಪು ತರಲು ಹೊರಟವನು ಮೊದಲೆರಡು ಮಾತನ್ನು ಹೇಗೋ ತಿಣುಕಿ ನುಡಿದು, ಮೂರನೆಯದರಲ್ಲಿ ಎಡವಿ ಅಕ್ಕಿಯಾದ. ಅವನಿಗಿದ್ದವಳು ತಂಗಿ ಸಾಕಮ್ಮ ಒಬ್ಬಳೇ. ಸುದ್ದಿ ಕೇಳಿದವಳೇ, “ಅಣ್ಣನ್ನ ಕರ್ಕೊಂಡೇ ಬತ್ತೀನಿ” ಎಂದು ಎದ್ದುಬಿಟ್ಟಳು.

ದಾರಿಯಲ್ಲಿ, ಮೂಡಣದಿಂದ ಸೊಸೆಯಾಗಿ ಬಂದು ಇಲ್ಲೇ ಮುದುಕಿಯಾದವಳೊಬ್ಬಳು ಒಲೆ ಊದುತ್ತಿದ್ದಳು. ಸಾಕಮ್ಮನ ಸಂಕಟ ಕೇಳಿ, “ಹ ಅನ್ನೋದು ಬರೀ ಉಸಿರು ಮಗಳೇ. ಬಾಯಿ ಮುಂದೆ ಅಂಗೈ ಹಿಡಿ. ಬೆಚ್ಚಗಾದ್ರೆ ಬಂತು ಅಂತ ತಿಳ್ಕೊ” ಎಂದಳು.

ಸಾಕಮ್ಮ ಮೂರು ಹಗಲು ಕೂತು ಉಸಿರಾಡಿದಳು. ಮೂರನೆಯ ಹಗಲು ಅಂಗೈ ಬೆಚ್ಚಗಾಯಿತು. ಹುಟ್ಟಿದಂದಿನಿಂದ ತನ್ನೊಳಗೇ ಓಡಾಡುತ್ತಿದ್ದ ಉಸಿರು ಅಕ್ಷರವಾಯಿತಲ್ಲ ಎಂದು ಅವಳ ಮೈ ಜುಮ್ಮೆಂದಿತು.

ಕಡವಿಗೆ ಬಂದಳು. ಶಬ್ದಕಂಟಕ ಗುಡುಗಿದ. “ಮೊದಲನೆಯ ಮಾತು!”

“ಹುಳಿ.”

ಎದೆಮಟ್ಟದ ನೀರು ಮೊಣಕಾಲಿಗಿಳಿಯಿತು.

“ಹೆರಡನೆಯ ಮಾತು!”

“ಹರಳು.”

ನೀರು ಪಾದಕ್ಕಿಳಿಯಿತು.

“ಹಿನ್ನೊಂದು ಮಾತು!”

“ಹಕ್ಕಿ.”

ಹೊಳೆ ಹರಿಯುವುದನ್ನೇ ನಿಲ್ಲಿಸಿತು. ಎರಡೂ ಬದಿಗೆ ನೀರು ಗೋಡೆಯಾಗಿ ನಿಂತಿತು, ಅದರೊಳಗಿನ ಮೀನುಗಳು ಸಾಕಮ್ಮನನ್ನು ಕಣ್ಣರಳಿಸಿ ನೋಡಿದವು. ನಡುವೆ ಒಣ ಮರಳಿನ ದಾರಿ ಬಿದ್ದಿತ್ತು.

ಸಾಕಮ್ಮ ದಾಟಬಹುದಿತ್ತು. ದಾಟಲಿಲ್ಲ. ಅವಳ ಕಿವಿ ಬಲು ಚುರುಕು. ಹೆರಡನೆಯ? ಹಿನ್ನೊಂದು? ಹೆರಡು ಎಂಬ ವಸ್ತು ಲೋಕದಲ್ಲಿಲ್ಲ, ಅದಕ್ಕೇ ಮಾಂತ್ರಿಕ ಬಚಾವಾದ. ದೊಡ್ಡವರಾಗಲು ಹೊರಟ ಪಡುವಣದವರು ಮಾತ್ರ ಹೀಗೆ ಬೇಡದ ಕಡೆಯೂ ಹಕಾರ ತುರುಕುತ್ತಾರೆ. ಅಯ್ಯೋ, ಇವನೂ ನಮ್ಮ ದಡದವನೇ!

“ಒಡೆಯಾ, ಆ ಕಣಜದಾಗೆ ಏನೈತೆ?” ಎಂದು ಕೇಳಿದಳು.

ಶಬ್ದಕಂಟಕ ಎದೆಯುಬ್ಬಿಸಿ, ಬಾಯಿ ತುಂಬ ಹೇಳಿದ. “ಹಕ್ಕಿ!”

ಹೇಳಬೇಕೆಂದಿದ್ದದ್ದು ಅಕ್ಕಿ. ಅವನ ಮಂತ್ರಕ್ಕೆ ಅವನೂ ಹೊರತಲ್ಲ. ನಿಲುವಂಗಿ ಗರಿಯಾಯಿತು, ಮೂಗು ಕೊಕ್ಕಾಯಿತು. ಕಿರುಚುತ್ತಾ ಹಾರಿದವನು ಬೆಟ್ಟದಾಚೆ ಮರೆಯಾದ. ಮಾಟ ಮುರಿಯಿತು. ಕಣಜ ಬಿರಿಯಿತು. ಅಕ್ಕಿಯ ರಾಶಿ ಬೆಳಕಿನಂತೆ ಮೇಲೆದ್ದು, ನೆಲಕ್ಕಿಳಿಯುವಾಗ ಜನವಾಗಿ ಇಳಿಯಿತು. ಉಳಿಗಳು ಎದ್ದು ಕೈಕಾಲು ಕೊಡವಿದವು. ಅರಳು ಅಜ್ಜಿಯರಾಗಿ, ಮಕ್ಕಳಾಗಿ ಅರಳಿತು. ದಡದ ತುಂಬ ಮನುಷ್ಯರು! ಸಾಕಮ್ಮ ಬೆರಗಾಗಿ, ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ನೋಡಿದಳು.

ಅವರ ನಡುವೆ ಹೊನ್ನಯ್ಯ ಇದ್ದ. ತಂಗಿಯನ್ನು ಕಂಡವನೇ ಬಾಯಿ ತೆರೆದ.

“ತಂಗವ್ವಾ, ಒಟ್ಟೆ ಅಸೀತೈತೆ ಕಣವ್ವಾ.”

ದಡದ ಜನವೆಲ್ಲ ಬೆಚ್ಚಿ ಉಸಿರು ಬಿಗಿಹಿಡಿದರು. ಒಂದು ಕ್ಷಣ ಕಳೆಯಿತು. ಇನ್ನೊಂದು ಕಳೆಯಿತು. ಏನೂ ಆಗಲಿಲ್ಲ. ಹೊನ್ನಯ್ಯ ಮನುಷ್ಯನಾಗಿಯೇ ನಿಂತಿದ್ದ.

ಆಮೇಲೆ ಎರಡೂ ದಡದವರು ಒಂದೇ ಕಡವಿನಲ್ಲಿ ಹೋಗುತ್ತ ಬರುತ್ತ, ಬಾಯಿಗೆ ಬಂದಂತೆ ಮಾತಾಡಿಕೊಂಡು, ನೂರು ಕಾಲ ಸುಖವಾಗಿದ್ದರು.