ಜೋಗುಳದ ಪೆಟ್ಟಿಗೆ

ಹೊಂಡದ ದಂಡೆಯ ಪೆಟ್ಟಿಗೆ ಗುಂಯ್ ಎನ್ನುತ್ತ ತನ್ನ ರಸವನ್ನು ನೀರಿಗೆ ತೊಟ್ಟಿಕ್ಕಿಸುತ್ತಿತ್ತು. ಹೊಂಡದ ನೀರು ಹಚ್ಚಗಿತ್ತು. ಆಲಮಟ್ಟಿ ಹಿನ್ನೀರಿನ ಬಯಲಲ್ಲಿ ಕಣ್ಣು ಹಾಯುವಷ್ಟು ದೂರ ಇಂಥವೇ ಪಾಚಿಯ ಹೊಂಡಗಳು. ಊರವರಿಗೂ ಸುತ್ತಣ ಶಾಲೆಗಳ ಮಕ್ಕಳಿಗೂ ಈ ಪಾಚಿಯ ಹಿಟ್ಟಿನದೇ ರೊಟ್ಟಿ. ಎಲ್ಲವೂ ಸರಿಯಾಗಿದ್ದಂತೆ ಕಾಣುತ್ತಿದ್ದರೂ ಪೆಟ್ಟಿಗೆ ಕಂಡುಹಿಡಿದ ಡಾ. ನೀಲಾಂಬಿಕೆ ಹೂಗಾರಳಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಪಾಚಿಗೆ ಶತ್ರು ರೋಟಿಫರ್. ಬಾಯಿಯ ಸುತ್ತ ರೋಮಗಳ ಬಳೆಯಿರುವ ಈ ಪುಟ್ಟ ಜೀವಿ ಭಾರಿ ಹೊಟ್ಟೆಬಾಕ. ಹೊಂಡಕ್ಕೆ ಹೊಕ್ಕಿತೆಂದರೆ ವಾರದೊಳಗೆ ಹಸಿರನ್ನೆಲ್ಲ ಮೇಯ್ದು ನೀರನ್ನು ಚಹದ ಬಣ್ಣಕ್ಕೆ ತರುತ್ತದೆ. ನೀಲಾಂಬಿಕೆ ಅದನ್ನು ಕೊಲ್ಲುವ ಗೊಡವೆಗೆ ಹೋಗಲಿಲ್ಲ. ಕಿಕ್ಕಿರಿದಾಗ ರೋಟಿಫರ್‌ಗಳು ನೀರಿಗೆ ಒಂದು ಪ್ರೋಟೀನನ್ನು ಬಿಡುತ್ತವೆ. ಅದರ ಸುಳಿವು ಸಿಕ್ಕರೆ, ಇಲ್ಲಿ ಇನ್ನು ಜಾಗವಿಲ್ಲವೆಂದು ಗಟ್ಟಿ ಚಿಪ್ಪಿನ ಮೊಟ್ಟೆಗಳನ್ನಿಟ್ಟು ಸಾಯುತ್ತವೆ. ಆ ಮೊಟ್ಟೆಗಳು ತಳ ಸೇರಿ, ಒಳ್ಳೆಯ ಕಾಲ ಬರುವವರೆಗೆ ವರ್ಷಗಟ್ಟಲೆ ನಿದ್ರಿಸುತ್ತವೆ. ಪೆಟ್ಟಿಗೆ ತೊಟ್ಟಿಕ್ಕಿಸುತ್ತಿದ್ದುದು ಆ ಪ್ರೋಟೀನನ್ನೇ. ಜನ ಅದನ್ನು ಜೋಗುಳದ ಪೆಟ್ಟಿಗೆ ಎಂದು ಕರೆದರು.

ಮೊದಲೆಲ್ಲ ಬೇಸಿಗೆಯಲ್ಲಿ ಹೊಂಡ ಬರಿದು ಮಾಡಿ, ತಳದ ಕೆಸರನ್ನು ಕೆರೆದು ಹೊಲಕ್ಕೆ ಹಾಕುವ ರೂಢಿಯಿತ್ತು. ಮೈಮುರಿಯುವ ಕೆಲಸ. ನೀರು ಸದಾ ಹಸಿರಾಗಿದ್ದರೆ ಆ ಉಸಾಬರಿ ಯಾರಿಗೆ ಬೇಕು? ಎಲ್ಲರೂ ಕೈಬಿಟ್ಟರು. ಆದರೆ ವರ್ಷ ಕಳೆದಂತೆ ರಸದ ಪ್ರಮಾಣವನ್ನು ಹೆಚ್ಚಿಸುತ್ತಲೇ ಹೋಗಬೇಕಾಯಿತು. ಏಕೆಂದು ತಿಳಿಯಲು ನೀಲಾಂಬಿಕೆ ಚಿಟಿಕೆ ಕೆಸರು ತೆಗೆದು, ರಸ ಬೆರೆಸಿದ ಹಸಿರು ನೀರಿನಲ್ಲಿ ಹಾಕಿಟ್ಟಿದ್ದಳು.

"ಅಕ್ಕಾರ, ಒಂದೀಟು ಇಲ್ಲಿ ನೋಡ್ರಿ."

ಪಾಚಿ ಬೆಳೆಯುವವರ ಸಂಘದ ಅಧ್ಯಕ್ಷೆ ರುದ್ರವ್ವ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಆಗತಾನೆ ಮೊಟ್ಟೆಯೊಡೆದ ಮರಿಗಳು ಗಿರಗಿರ ತಿರುಗುತ್ತ ಮೇಯುತ್ತಿದ್ದವು.

"ಇವು ಮಲಗೂದಿಲ್ಲೇನ್ರಿ?"

"ಇಲ್ರಿ. ಜೋಗುಳಕ್ಕ ಕಿವಿಗೊಡದಂಥಾವು ಹುಟ್ಯಾವು. ಕೆಸರಿನ್ಯಾಗ ಇನ್ನ ಎಷ್ಟು ಅದಾವೋ. ಎದ್ದುವಂದ್ರ ಎಲ್ಲಾ ಹೊಂಡಾನೂ ಒಮ್ಮೆಲೇ ಹೋಗ್ತಾವು. ಈಗ ಖಾಲಿ ಮಾಡಿ ಕೆಸರು ತಗಸಬೇಕ್ರಿ."

"ಈಗ? ಸಾಲಿ ಸುರು ಆಗೂ ಹೊತ್ತಿನ್ಯಾಗ?" ರುದ್ರವ್ವ ಸಿಡುಕಿದರು. "ಹುಡುಗ್ರ ತಾಟಿಗೆ ಏನ್ ಹಾಕೂಣ್ರಿ ಬಾಯಾರ? ಇದೊಂದು ವರ್ಷ ನೂಕೂಣು. ಮುಂದ ಬಂದವ್ರು ನೋಡ್ಕೋತಾರ."

"ಮುಂದ ಬಂದವ್ರಿಗೆ ಈ ಕೆಸರು ಇನ್ನೂ ದಪ್ಪ ಆಗಿರ್ತೈತ್ರಿ."

ರುದ್ರವ್ವ ಎದ್ದುಹೋದರು. ಬಹಳ ಹೊತ್ತು ಹೊಂಡದ ಏರಿಯ ಮೇಲೆ ಅಡ್ಡಾಡಿದರು. ಇವರು ಒಪ್ಪದಿದ್ದರೆ ಏನು ಗತಿಯೆಂದುಕೊಂಡು ನೀಲಾಂಬಿಕೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಅರ್ಧದಷ್ಟು ಹೊಂಡ ಖಾಲಿ ಮಾಡ್ರಿ," ಎಂದರು ರುದ್ರವ್ವ ತಿರುಗಿ ಬಂದು. "ಉಳಿದದ್ದು ಆಮ್ಯಾಲ. ಈ ವರ್ಷ ಊರಾಗ ದೊಡ್ಡವ್ರ್ಯಾರೂ ಹಸಿರು ರೊಟ್ಟಿ ತಿನ್ನೂದು ಬ್ಯಾಡ, ಇದ್ದದ್ದು ಹುಡುಗ್ರಿಗಿರ್ಲಿ. ಬೈಗುಳ ನಾ ತಿಂತೀನಿ."

ಅರ್ಧದಷ್ಟು ಹೊಂಡಗಳು ಬರಿದಾದವು. ಕಪ್ಪು ಕೆಸರು ತುಂಬಿಕೊಂಡು ಲಾರಿಗಳು ಸಾಲಾಗಿ ನಿಂತಾಗ, ಮುಂದಿನ ಲಾರಿಯ ಚಾಲಕ ಮಾಸ್ತಾನಸಾಬ ತಲೆ ಹೊರಗೆ ಹಾಕಿ ಕೇಳಿದ: "ಎಲ್ಲಿ ಸುರೀಲ್ರಿ?"

"ಮೊದಲಿನಂಗ ಹೊಲಕ್ಕ," ಎಂದರು ಕೆಲವರು. ನೀಲಾಂಬಿಕೆ ಬೇಡವೆಂದಳು. ಜೋಗುಳಕ್ಕೆ ಮಣಿಯದ ಈ ಮೊಟ್ಟೆಗಳು ಒಣಗಿದರೂ ಸಾಯುವುದಿಲ್ಲ, ದೂಳಿನೊಡನೆ ಹಾರಿ ಬೇರೆ ನೀರಿಗೆ ಬೀಳುತ್ತವೆ. ಹಾಗಾದರೆ ಹಳ್ಳಕ್ಕೆ ಎಂದ ಒಬ್ಬ. "ಹಳ್ಳದ ಕೆಳಗ ನಮ್ಮ ಬೀಗರ ಹೊಂಡ ಅದಾವಪ್ಪೋ!" ಎಂದು ಇನ್ನೊಬ್ಬ ಕೂಗಿದ. ಗುಡ್ಡದಾಚೆ ನೋಡಿದರೆ ಅಲ್ಲೂ ಯಾರದೋ ಊರು. ಕೊನೆಗೆ ಎಲ್ಲರೂ ನೀಲಾಂಬಿಕೆಯ ಮುಖ ನೋಡಿದರು.

"ನನಗ ಗೊತ್ತಿಲ್ರಿ," ಎಂದಳು ಅವಳು.

ರುದ್ರವ್ವ ಸೆರಗು ಸಿಕ್ಕಿಸಿಕೊಂಡು ಲಾರಿ ಹತ್ತಿದರು. "ಯಾರ ಊರಿಗೂ ಬ್ಯಾಡ. ನಮ್ಮ ಸಂಘದ ಅಂಗಳಕ್ಕ ನಡೀರಿ. ತಾಡಪತ್ರಿ ಹೊಚ್ಚಿ ಇಡೂಣು. ದಿನಾ ನಮ್ಮ ಕಣ್ಣಿಗೆ ಬೀಳ್ಲಿ."

ಮಾಸ್ತಾನಸಾಬ ಲಾರಿಯನ್ನು ಊರಿನ ಕಡೆಗೇ ತಿರುಗಿಸಿದ.