ಎರಡು ಪಾತ್ರೆ ಪಾಕ

"ಆ ಮಷೀನು ಸ್ವಲ್ಪ ನಿಲ್ಲಿಸ್ತೀರಾ?"

ಬೇಕರಿಯ ಒಳಬಾಗಿಲಲ್ಲಿ ನಿಂತು ಹೀಗೆ ಕೇಳಿದವನನ್ನು ಅವಳು ಮೇಲಿಂದ ಕೆಳಗೆ ನೋಡಿದಳು. ಹೆಗಲಿಗೊಂದು ಚರ್ಮದ ಚೀಲ, ಅಂಗಿಯ ತೋಳಿಗೆಲ್ಲ ಧೂಳು. ಇತ್ತ ಮಷೀನಿನಲ್ಲಿ ಮೊಟ್ಟೆ ಆಗಷ್ಟೇ ನೊರೆ ಕಟ್ಟುತ್ತಿತ್ತು.

"ಯಾಕೆ ನಿಲ್ಲಿಸ್ಬೇಕು?"

"ಪಕ್ಕದ ಚರ್ಚಲ್ಲಿ ಪಿಯಾನೋ ರಿಪೇರಿ ಮಾಡ್ತಿದ್ದೀನಿ. ಗೋಡೆ ಈಚೆ ಇದು ಗುರ್ ಅಂತಿದ್ರೆ ಯಾವ ತಂತಿ ಏನು ಹೇಳ್ತಿದೆ ಅಂತಾನೇ ಕೇಳಿಸಲ್ಲ."

"ಈಗ ನಿಲ್ಲಿಸಿದ್ರೆ ನೊರೆ ಇಳಿದು ಕೇಕು ರೊಟ್ಟಿ ಆಗುತ್ತೆ. ಅದನ್ನ ನೀವು ತಿಂತೀರಾ?"

"ತಿಂತೀನಿ," ಅಂದ ಅವನು, ಒಂದಿಷ್ಟೂ ನಗದೆ.

ಅವಳು ನಿಲ್ಲಿಸಿಯೇಬಿಟ್ಟಳು. ಸಂಜೆ ಅವನು ಬಂದ, ಆ ಚಪ್ಪಟೆ ಕೇಕನ್ನು ಕೊನೆಯ ಚೂರಿನವರೆಗೂ ತಿಂದ, ಥ್ಯಾಂಕ್ಸ್ ಹೇಳಿ ಹೋದ. ಹೇಳಿದ ಮಾತಿಗೆ ನಿಲ್ಲುವ ಗಂಡಸನ್ನು ಅವಳು ನೋಡಿ ಬಹಳ ಕಾಲವಾಗಿತ್ತು.

ಪಿಯಾನೋ ಹಳೆಯದು, ಕೆಲಸ ಮುಗಿಯುವ ಹಾಗೆ ಕಾಣಲಿಲ್ಲ. ದಿನಾ ಸಂಜೆ ಅವನು ಚಹಾ, ಕೇಕಿಗೆ ಬರತೊಡಗಿದ. ಗಲ್ಲಾದಲ್ಲಿ ಕೂರುವ ಚಿಕ್ಕಮ್ಮ ಅವನಿಗೆ ಟಿಂಗ್‌ಟಿಂಗ್ ಅಂತ ಹೆಸರಿಟ್ಟರು.

"ನಿನ್ನ ಟಿಂಗ್‌ಟಿಂಗ್ ಬಂದ ನೋಡೇ. ರಿಪೇರಿ ಪಿಯಾನೋಗೋ, ನಿಂಗೋ?"

ಅವಳ ಕೆನ್ನೆ ಕೆಂಪಾಗುತ್ತಿತ್ತು. ಆದರೆ ಎರಡು ಸಂಗತಿ ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಿದ್ದವು.

ಕೇಕು ಬೆಂದ ಮೇಲೆ ಒಣಗದಿರಲಿ ಅಂತ ಅದಕ್ಕೆ ಬ್ರಷ್ಷಿನಲ್ಲಿ ಪಾಕ ಹಚ್ಚುತ್ತಾರೆ. ಅವಳ ಮೇಜಿನ ಮೇಲೆ ಎರಡು ಪಾತ್ರೆ ಇರುತ್ತಿದ್ದವು. ಒಂದರಲ್ಲಿ ಕಿತ್ತಳೆ ರಸದ ಪಾಕ, ಇನ್ನೊಂದರಲ್ಲಿ ರಮ್ ಬೆರೆಸಿದ್ದು. ಅವಳಿಗೆ ಹೆಸರು ತಂದುಕೊಟ್ಟದ್ದು ಆ ಎರಡನೆಯದೇ. ಇವನೋ, ತಟ್ಟೆ ಮುಂದಿಟ್ಟಾಗಲೆಲ್ಲ ಅದೇ ಪ್ರಶ್ನೆ... "ಇದರಲ್ಲಿ ರಮ್ ಇಲ್ಲ ತಾನೆ?"

'ದೊಡ್ಡ ಸಂತ! ನನ್ನ ಕೈಯ ಒಳ್ಳೇ ಕೇಕು ತಿನ್ನೋ ಯೋಗ ಇಲ್ಲ ಇವನಿಗೆ' ಎಂದು ಒಳಗೊಳಗೇ ಉರಿದುಕೊಳ್ಳುತ್ತಿದ್ದಳು.

ಇನ್ನೊಂದು ಸಂಗತಿಗೆ ಅಳುವೇ ಬಂದಿತ್ತು. ಒಂದು ಸಂಜೆ ಇಬ್ಬರೂ ಮಾತಾಡುತ್ತ ಬಸ್ ಸ್ಟಾಪಿಗೆ ಹೋಗುತ್ತಿದ್ದರು. ಬೀದಿಯ ತಿರುವು ಬಂದದ್ದೇ ತಡ, ಅವನು ಅರ್ಧ ಮಾತು ಬಾಯಲ್ಲೇ ಬಿಟ್ಟು ರಸ್ತೆ ದಾಟಿ ಓಡಿದ! ನಡುರಸ್ತೆಯಲ್ಲಿ ಅವಳೊಬ್ಬಳೇ ಉಳಿದಳು. ಅಲ್ಲಿದ್ದ ಮದ್ಯದಂಗಡಿ ಅವಳ ಕಣ್ಣಿಗೆ ಬೀಳಲೇ ಇಲ್ಲ. ತನ್ನ ಜೊತೆ ಕಾಣಿಸಿಕೊಳ್ಳಲು ನಾಚಿ ಓಡಿದ ಅಂದುಕೊಂಡಳು.

ಆ ಸಿಟ್ಟಿಗೇ ಮರುದಿನ ಅವಳ ಕೈ ಎರಡನೆಯ ಪಾತ್ರೆಗೆ ಹೋಯಿತು. ಒಂದು ಬ್ರಷ್ಷಿನಷ್ಟಕ್ಕೆ ಏನಾಗುತ್ತೆ? ತಿಂದು 'ಇಂಥ ಕೇಕು ತಿಂದೇ ಇಲ್ಲ' ಅನ್ನಲಿ. ಆಮೇಲೆ ಹೇಳಿ ನಗೋಣ...

"ರಮ್ ಇಲ್ಲ ತಾನೆ?"

"ಇಲ್ಲ," ಅಂದಳು, ಅವನ ಕಣ್ಣನ್ನೇ ನೋಡುತ್ತ.

ಮೊದಲ ತುತ್ತಿಗೆ ಅವನು ಅಲ್ಲಾಡದೆ ಕೂತ. ಮುಖದ ಬಣ್ಣ ಇಳಿಯಿತು. ಆಮೇಲೆ ಇನ್ನೊಂದು ತುತ್ತನ್ನು ಆತುರಾತುರವಾಗಿ ಬಾಯಿಗೆ ತುರುಕಿಕೊಂಡ, ಮತ್ತೊಂದಕ್ಕೆ ಕೈ ಹಾಕಿದ. ಅಂಥ ಹಸಿವನ್ನು ಅವಳು ಯಾವ ಮುಖದ ಮೇಲೂ ಕಂಡಿರಲಿಲ್ಲ. ತಟ್ಟನೆ ಅವನು ತಟ್ಟೆಯನ್ನು ಆಚೆ ತಳ್ಳಿ, ಕುರ್ಚಿ ಉರುಳಿದ್ದನ್ನೂ ನೋಡದೆ ಓಡಿಬಿಟ್ಟ. ಚರ್ಮದ ಚೀಲ ಅಲ್ಲೇ ಉಳಿಯಿತು.

'ಇಷ್ಟಕ್ಕೆಲ್ಲ ಓಡೋದಾ? ಹೇಡಿ' ಎಂದು ಬೈದುಕೊಳ್ಳುತ್ತಲೇ ಅವಳು ಚೀಲ ಹೊತ್ತು ಚರ್ಚಿಗೆ ಹೋದಳು.

ಬಾಗಿಲಲ್ಲೇ ಕಾಲು ನಿಂತವು. ಬಿಚ್ಚಿಟ್ಟ ಪಿಯಾನೋ ಪಕ್ಕ ಅವನು ಮಂಡಿಯೂರಿದ್ದ.

"ಕರ್ತನೇ, ಬಾಯಿಂದ ಆ ರುಚಿ ಹೋಗ್ತಿಲ್ಲ... ಈಗ ಎದ್ದರೆ ಕಾಲು ನೆಟ್ಟಗೆ ಆ ಅಂಗಡಿಗೇ ಹೋಗುತ್ತೆ. ಇಲ್ಲೇ ಹಿಡ್ಕೋ ನನ್ನ. ಪಾಪ, ಅವರಿಗೆ ಗೊತ್ತಿಲ್ಲದೆ ಆಗಿದೆ. ಅವರ ಮೇಲೆ ನಂಗೆ ಸಿಟ್ಟು ಬರದ ಹಾಗೆ ಮಾಡು."

'ನಾನು ಕೊಂದಷ್ಟೇ ಪಾಪ ಮಾಡಿದ್ದೀನಿ, ಇವನು ನನಗಾಗಿ ಪ್ರಾರ್ಥಿಸ್ತಿದ್ದಾನೆ!' ಚೀಲವನ್ನು ಕೊನೆಯ ಬೆಂಚಿನ ಮೇಲಿಟ್ಟು, ನಾಚಿಕೆಯಿಂದ ತಲೆ ತಗ್ಗಿಸಿ ವಾಪಸಾದಳು.

ಮಾರನೇ ದಿನ ಅವನೇ ಬಂದು ಬಾಗಿಲ ಹೊರಗೇ ನಿಂತ. ಕಣ್ಣು ಕೆಂಪಾಗಿದ್ದವು, ಆದರೆ ಕುಡಿದ ಕಣ್ಣಲ್ಲ.

"ನಿನ್ನೆ ಹಾಗೆ ಓಡಿದ್ದಕ್ಕೆ ಕ್ಷಮಿಸಿ. ಬ್ರಷ್ ಅದಲುಬದಲಾಗಿರ್ಬೇಕು, ಅಲ್ವಾ?"

ನೋಡಿ, ತಪ್ಪಿಸಿಕೊಳ್ಳುವ ದಾರಿಯನ್ನು ಅವನೇ ಗುಡಿಸಿ ಕೊಟ್ಟಿದ್ದ. 'ಹೌದು' ಅಂದರೆ ಸಾಕು, ಅವನು ಒಳಗೆ ಬರುತ್ತಾನೆ, ಎಲ್ಲ ಮೊದಲಿನಂತೆಯೇ. ನಿಜ ಹೇಳಿದರೆ ಅವನು ಕೈತಪ್ಪಿ ಹೋಗುತ್ತಾನೆ. 'ಹೌದು' ಎಂಬುದು ನಾಲಗೆಯ ತುದಿಗೇ ಬಂದಿತ್ತು.

ಅವಳು ತಿರುಗಿ ಹಿಂಬಾಗಿಲಿಂದ ಓಡಿದಳು. ಏಪ್ರನ್ ಬಿಚ್ಚಲಿಲ್ಲ, ಕೈಯ ಮೈದಾ ಒರೆಸಲಿಲ್ಲ. ಚರ್ಚಿನೊಳಗೆ ಹೋಗಿ ಕುಸಿದು ಕೂತಳು.

'ದೇವರೇ, ಇನ್ನೊಂದು ಕ್ಷಣ ಅಲ್ಲಿ ನಿಂತಿದ್ರೆ ಸುಳ್ಳು ಹೇಳ್ಬಿಡ್ತಿದ್ದೆ. ಅವನನ್ನ ಉಳಿಸ್ಕೊಳ್ಳೋ ಆಸೆಗೆ ಏನು ಬೇಕಾದ್ರೂ ಹೇಳ್ತಿದ್ದೆ. ನಂಗೆ ನಿಜ ಹೇಳೋ ಧೈರ್ಯ ಕೊಡು...'

ಅವನು ಯಾಕೆ ಓಡುತ್ತಾನೆಂದು ಅವಳಿಗೆ ಆಗ ಗೊತ್ತಾಯಿತು.

ಅವನು ಹಿಂದೆಯೇ ಬಂದು ನಿಂತಿದ್ದ. "ಏನಾಯ್ತು?"

"ಬ್ರಷ್ ಬದಲಾಗಿರ್ಲಿಲ್ಲ." ತಲೆಯೆತ್ತಲಾಗಲಿಲ್ಲ ಅವಳಿಗೆ. "ಗೊತ್ತಿದ್ದೇ ಹಚ್ಚಿದೆ. ಗೊತ್ತಿದ್ದೇ 'ಇಲ್ಲ' ಅಂದೆ. ನಿಮ್ಮ ಕೈಲಿ ಹೊಗಳಿಸ್ಕೊಳ್ಳೋ ಹಠ ನಂಗೆ. ನನ್ನ ಕಂಡು ನೀವು ನಾಚ್ತೀರಿ ಅಂದ್ಕೊಂಡು ಬೇರೆ ಉರೀತಿದ್ದೆ."

ಅವನು ಬೆಂಚಿನ ಮೇಲೆ ಕೂತ. ಆಮೇಲೆ ಪಿಯಾನೋ ಕಡೆ ನೋಡುತ್ತ ಹೇಳಿದ.

"ಕುಡಿದ ಕೈಲಿ ತಂತಿ ಬಿಗೀತಿದ್ದೆ ನಾನು. ಒಂದು ದಿನ ಅದು ಕಿತ್ಕೊಂಡು ಬಂದು ಪಕ್ಕದಲ್ಲಿ ನಿಂತಿದ್ದ ತಂಗಿ ಕಣ್ಣಿಗೆ ಬಡೀತು. ಅವಳಿಗೆ ಈಗ ಒಂದೇ ಕಣ್ಣು. ಅವತ್ತಿಂದ ಓಡ್ತಿದ್ದೀನಿ. ನಿಂತು ಗೆಲ್ಲೋ ಶಕ್ತಿ ನಂಗಿಲ್ಲ ಅಂತ ದೇವರ ಹತ್ರ ಒಪ್ಕೊಂಡಿದ್ದೀನಿ."

ಅವಳು ಬಿಕ್ಕಿದಳು.

"ನೀವು ನಿಜ ಹೇಳಿದ್ರಿ. ಆದ್ರೆ ನಂಗೆ... ಸ್ವಲ್ಪ ಸಮಯ ಬೇಕು."

ಅವನು ಹೋದ. ಗೋಡೆಯಾಚೆ ಪಿಯಾನೋ ಮೌನವಾಯಿತು. ಅವಳು ಎರಡನೆಯ ಪಾತ್ರೆಯನ್ನು ಮೋರಿಗೆ ಸುರಿದಳು. "ಗಿರಾಕಿಗಳು ಕೇಳಿದ್ರೆ?" ಅಂದರು ಚಿಕ್ಕಮ್ಮ. "ಇಲ್ಲ ಅಂತೀನಿ. ಇನ್ಮೇಲೆ ಆ 'ಇಲ್ಲ' ನಿಜವಾಗ್ಲೂ ಇಲ್ಲ," ಅಂದಳು. ಭಾನುವಾರ ಬಂದರೆ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದಳು. ಅವನು ವಾಪಸ್ ಬರಲಿ ಅಂತ ಬೇಡಲೂ ಅವಳಿಗೆ ನಾಚಿಕೆ. ಅವನು ಎಲ್ಲಿದ್ದರೂ ಬೀಳದಿರಲಿ ಅಂತಷ್ಟೇ ಬೇಡುತ್ತಿದ್ದಳು.

ಒಂದು ಮಧ್ಯಾಹ್ನ...

"ಆ ಮಷೀನು ಸ್ವಲ್ಪ ನಿಲ್ಲಿಸ್ತೀರಾ?"

ಅವಳ ಕೈಯ ಚಮಚ ಕೆಳಗೆ ಬಿತ್ತು. ಅವನೇ! ಬಾಗಿಲ ಹೊರಗಲ್ಲ, ಒಳಗೇ ನಿಂತಿದ್ದ.

ಸಂಜೆ ಅವನ ಮುಂದೆ ತಟ್ಟೆಯಿಟ್ಟಳು. ಅವನು ಏನೂ ಕೇಳದೆ ಚಮಚ ಎತ್ತಿಕೊಂಡ.

"ಕೇಳಲ್ವಾ?"

"ಬೇಡ ಬಿಡಿ."

"ಕೇಳಿ. ದಿನಾ ಕೇಳಿ. ನಿಜ ಹೇಳೋದು ನಂಗೂ ಅಭ್ಯಾಸ ಆಗ್ಲಿ."

"ರಮ್ ಇಲ್ಲ ತಾನೆ?"

"ಇಲ್ಲ."

ಅವನು ತಿಂದ. ಅವಳು ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಬೇಕೆಂದೇ ಬೀದಿ ಕಡೆ ಮುಖ ತಿರುಗಿಸಿದರು.

ಬಸ್ ಸ್ಟಾಪಿನ ದಾರಿಯಲ್ಲಿ ಅದೇ ತಿರುವು ಬಂತು. ಅವನ ಹೆಜ್ಜೆ ತಡವರಿಸಿತು. ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು.

"ಓಡೋಣ್ವಾ?"

"ನೀವ್ಯಾಕೆ ಓಡ್ಬೇಕು?"

"ನೀವೊಬ್ರೇ ಓಡಿದ್ರೆ ನಾನು ಹಿಂದೆ ಉಳೀತೀನಲ್ಲ. ನಂಗೆ ನೀವು ಬೇಕು."

ಇಬ್ಬರೂ ಓಡಿದರು. ಆಚೆ ಬದಿ ಸೇರಿ ಏದುಸಿರು ಬಿಡುತ್ತ ನಿಂತಾಗಲೂ ಅವನು ಕೈ ಬಿಡಲಿಲ್ಲ.

"ಒಂದು ನಿಜ ಹೇಳಿ," ಅಂದಳು. "ಅವತ್ತಿನ ಚಪ್ಪಟೆ ಕೇಕು ಚೆನ್ನಾಗಿತ್ತಾ?"

"ಇಲ್ಲ. ಹಲ್ಲು ಮುರಿಯೋ ಹಾಗಿತ್ತು."

"ಮತ್ತೆ ಪೂರ್ತಿ ತಿಂದ್ರಲ್ಲ?"

"ನೀನು ಎದುರಿಗೇ ನಿಂತಿದ್ದೆ," ಅಂದ ಅವನು. "ಎದ್ದು ಹೋಗೋಕೆ ಮನಸ್ಸೇ ಬರ್ಲಿಲ್ಲ."