ನಿಕಲ್ಲೋ, ನಕಲೋ?

"ಇದು ನನ್ನ ಫ್ಲೂಟಲ್ಲ," ಎಂದರು ಟೀಚರ್.

ಪೆಟ್ಟಿಗೆ ನಮ್ಮ ಊಟದ ಮೇಜಿನ ಮೇಲೆ ತೆರೆದಿತ್ತು. ಒಳಗೆ, ನೀಲಿ ಮಖಮಲ್ಲಿನ ಗುಳಿಗಳಲ್ಲಿ, ಮೂರು ತುಂಡಾಗಿ ಬಿಚ್ಚಿಟ್ಟಿದ್ದ ಫ್ಲೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಟೀಚರ್ ಅದನ್ನು ಮುಟ್ಟಲಿಲ್ಲ. ಅವರ ಕೆಳತುಟಿಯ ಕೆಳಗೆ ಕೆಂಪನೆಯ ದದ್ದು. ಎಡಗೈ ತೋರುಬೆರಳಿನ ಬುಡದ ಗೆಣ್ಣಿನ ಮೇಲೆ ನೀರುಗುಳ್ಳೆ.

"ನನ್ನದನ್ನ ಎತ್ತಿಕೊಂಡು ಇದನ್ನ ಇಟ್ಟಿದ್ದಾರೆ. ಸಾಲದು ಅಂತ ಏನೋ ಸವರಿಯೂ ಇದ್ದಾರೆ. ನಾನು ಶನಿವಾರ ನುಡಿಸಬಾರದು, ಅಷ್ಟೇ."

ಟೀಚರ್ ನಮ್ಮ ಮೇಲಿನ ಮನೆಯವರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ನಗರದ ವಾದ್ಯವೃಂದದಲ್ಲಿ ಫ್ಲೂಟಿನ ಜಾಗವೊಂದು ಖಾಲಿಯಾಗಿ, ಶನಿವಾರ ಅದಕ್ಕೆ ಆಯ್ಕೆ ನಡೆಯುವುದಿತ್ತು. ಇಂಥ ಅವಕಾಶಕ್ಕಾಗಿ ಅವರು ಮದುವೆಗೆ ಮುಂಚಿನಿಂದಲೂ ಕಾದಿದ್ದರು. ಫ್ಲೂಟು ತೀರಿಹೋದ ಅವರಪ್ಪ ಕೊಡಿಸಿದ್ದು, ಅಪ್ಪಟ ಬೆಳ್ಳಿಯದು.

ನಮ್ಮ ಮನೆಗೇ ಅವರು ಬಂದದ್ದಕ್ಕೆ ಕಾರಣ ನಮ್ಮ ದೊಡ್ಡಮ್ಮ. ದೊಡ್ಡಮ್ಮ ಕೋರ್ಟಿನಲ್ಲಿ ದುಭಾಷಿ. ಸಾಕ್ಷಿ ಒಂದು ಭಾಷೆಯಲ್ಲಿ ಹೇಳಿದ್ದನ್ನು ನ್ಯಾಯಾಧೀಶರಿಗೆ ಇನ್ನೊಂದರಲ್ಲಿ ಮುಟ್ಟಿಸುವ ಕೆಲಸ. ಮಾತಿನ ಎಳೆ ಹಿಡಿದು ಗಂಟು ಬಿಡಿಸುವುದರಲ್ಲಿ ಅವರ ಕೈ ಪಳಗಿದೆ ಎಂದು ಇಡೀ ಕಟ್ಟಡಕ್ಕೇ ಗೊತ್ತು. ನಾನು ಅವರ ತಂಗಿಯ ಮಗಳು. ಅದೇ ಕೋರ್ಟಿನಲ್ಲಿ ಬೆರಳಚ್ಚು ಮಾಡುತ್ತೇನೆ, ಅವರ ಜೊತೆಗೇ ಇರುತ್ತೇನೆ.

ನಡೆದದ್ದನ್ನು ಟೀಚರ್ ಒಂದೇ ಉಸಿರಿಗೆ ಹೇಳಿದರು. ಆಯ್ಕೆಗೆ ಮುಂಚೆ ಗುಂಡಿಗಳನ್ನೆಲ್ಲ ಸರಿಮಾಡಿಸಲೆಂದು ಫ್ಲೂಟನ್ನು ತುತ್ತೂರಿ ಮಾಮನ ಅಂಗಡಿಗೆ ಕೊಟ್ಟಿದ್ದರು. ತುತ್ತೂರಿ ಮಾಮ ಎಂದರೆ ವಾದ್ಯ ರಿಪೇರಿಯವರು, ಟೀಚರ ಅಪ್ಪನ ಹಳೆಯ ಸ್ನೇಹಿತ, ಅವರನ್ನು ಎತ್ತಿ ಆಡಿಸಿದವರು. ಕೆಲಸ ಮುಗಿದ ಮೇಲೆ ತರಲು ಹೋದವಳು ಟೀಚರ ಮನೆಯಲ್ಲೇ ಇರುವ ನಾದಿನಿ. ಟೀಚರ್ ಶಾಲೆಯ ಗಡಿಬಿಡಿಯಲ್ಲಿ ಮಾರನೆಯ ದಿನ ಪೆಟ್ಟಿಗೆ ತೆರೆದರು. ತುಟಿ ಇಡುವ ತಟ್ಟೆಯ ಮೇಲೆ ಕೊರೆದಿದ್ದ ಬಳ್ಳಿಯ ಚಿತ್ತಾರ ಇರಲೇ ಇಲ್ಲ. ಬಣ್ಣವೂ ಬೇರೆ, ಬಿಳುಪಿನಲ್ಲಿ ತುಸು ಹಳದಿ. ಆದರೂ ಅದರಲ್ಲೇ ಅಭ್ಯಾಸ ಮಾಡಿದರು. ಆಮೇಲೆ ಈ ದದ್ದು.

"ಮಾಮನನ್ನ ಕೇಳಿದ್ಯಾ?" ದೊಡ್ಡಮ್ಮ ಕೇಳಿದರು.

"ಏನಂತ ಕೇಳ್ಲಿ? ನನ್ನ ನಾದಿನಿ ಕಿವಿಯಾರೆ ಕೇಳಿಸಿಕೊಂಡಿದ್ದಾಳೆ. ಅವರು ಫೋನಲ್ಲಿ ಯಾರಿಗೋ ಹೇಳ್ತಿದ್ರಂತೆ — ಒಳಗೆಲ್ಲಾ ನಕಲೇ, ಅವಳಿಗೆ ಈಗ ಹೇಳೋದು ಬೇಡ ಅಂತ."

ಅಂದೇ ಬೆಳಿಗ್ಗೆ ಟೀಚರ್ ಪೊಲೀಸರಿಗೆ ದೂರು ಕೊಟ್ಟಿದ್ದರು. ನಾಳೆ ಠಾಣೆಗೆ ಬರುವಂತೆ ಮಾಮನಿಗೆ ಕರೆ ಹೋಗಿತ್ತು. ದೂರು ಕೊಟ್ಟ ಸಮಾಧಾನ ಅವರ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

ದೊಡ್ಡಮ್ಮ ತುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದು ಮೂಸಿದರು. ತುಟಿತಟ್ಟೆ ಕೊಳವೆಗೆ ಕೂಡುವ ಸಂದಿಯನ್ನು ಸೂಜಿಯಿಂದ ಕೆದಕಿ, ಸೂಜಿಯ ತುದಿಯನ್ನು ಬಿಳಿ ಕಾಗದಕ್ಕೆ ಒರೆಸಿದರು. ಮತ್ತೆ ಕೇಳಿದ್ದು ಫ್ಲೂಟಿಗೆ ಸಂಬಂಧವೇ ಇಲ್ಲದ ಪ್ರಶ್ನೆ.

"ಗಡಿಯಾರದ ಹಿಂದೆ ಬಟ್ಟೆ ಯಾಕೆ ಅಂಟಿಸಿದ್ದೀಯಾ?"

ಟೀಚರ್ ಮಣಿಕಟ್ಟು ನೋಡಿಕೊಂಡರು. "ಚಿಕ್ಕಂದಿನಿಂದ ಅಷ್ಟೇ. ಲೋಹ ತಾಗಿದ್ರೆ ನವೆ. ಅಗ್ಗದ ಓಲೆ ಹಾಕಿದ್ರೆ ಕಿವಿ ಕೀವಾಗ್ತಿತ್ತು."

"ನಿನ್ನ ಹಳೇ ಫ್ಲೂಟಿಗೆ ಏನಾದ್ರೂ ಗುರುತು?"

"ಬಳ್ಳಿ ಬಿಟ್ರೆ… ಹಾಂ, ಶಾಲೆಯ ಮೆಟ್ಟಿಲ ಮೇಲೆ ಒಮ್ಮೆ ಬೀಳಿಸಿದ್ದೆ. ಬಾಲದ ಅಂಚಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ಕಣ್ಣಿಗೆ ಕಾಣದಷ್ಟು."

ದೊಡ್ಡಮ್ಮ ಕೊನೆಯ ತುಂಡಿನ ಅಂಚಿನ ಮೇಲೆ ಉಗುರು ಆಡಿಸಿದರು. ಪೆಟ್ಟಿಗೆ ಮುಚ್ಚಿದರು.

ನಾವು ಮಹಡಿ ಹತ್ತಿದೆವು. ನಾದಿನಿ ತಾನು ಕೇಳಿದ್ದನ್ನೇ ಮತ್ತೆ ಹೇಳಿದಳು. ಮಾಮ ಆಚೆಗೆ ಮುಖ ಮಾಡಿ ಮಾತಾಡುತ್ತಿದ್ದರಂತೆ. ಬೀದಿಯಲ್ಲಿ ಬಸ್ಸಿನ ಸದ್ದಂತೆ. ತಾನು ಪೆಟ್ಟಿಗೆಯನ್ನು ನೇರ ಮನೆಗೆ ತಂದು ಕಪಾಟಿನ ಮೇಲಿಟ್ಟೆ, ಮುಚ್ಚಳ ಕೂಡ ತೆಗೆಯಲಿಲ್ಲ ಎಂದಳು. ಹುಡುಗಿ ಅಳುವಂತಿದ್ದಳು. ತನ್ನ ಮೇಲೂ ಅನುಮಾನ ಬಂದಿದೆ ಎಂಬ ಭಯ ಅವಳಿಗೆ.

ಟೀಚರ ಗಂಡ ಕಾರಿನ ಬಿಡಿಭಾಗಗಳಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಷ್ಟು ಹೊತ್ತೂ ಅವರು ಕೈಗಳನ್ನು ಜೇಬಿನಿಂದ ಆಚೆ ತೆಗೆದಿರಲಿಲ್ಲ. ಪೊಲೀಸರ ಗೊಡವೆ ಬೇಡವಿತ್ತು, ವಾದ್ಯ ಬೇರೆ ಎಲ್ಲಾದರೂ ಎರವಲು ಸಿಗುತ್ತಿತ್ತು ಎಂದು ಎರಡೆರಡು ಸಲ ಹೇಳಿದರು. ದೊಡ್ಡಮ್ಮ ಒಂದು ಲೋಟ ನೀರು ಕೇಳಿದರು. ಅವರು ತಂದು ಕೊಟ್ಟು ಮತ್ತೆ ಕೈಗಳನ್ನು ಜೇಬಿಗಿಳಿಸಿದರು. ದೊಡ್ಡಮ್ಮ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟು, ಎಲ್ಲರೂ ಪೆಟ್ಟಿಗೆ ಸಮೇತ ಮಾಮನ ಅಂಗಡಿಗೆ ಹೊರಡೋಣ ಎಂದರು.

ದಾರಿಯಲ್ಲಿ ನಾನು ಮೆಲ್ಲಗೆ ಕೇಳಿದೆ. "ಮಾಮನೇ ಅಂತೀರಾ?"

"ನಾದಿನಿ ಕೇಳಿಸಿಕೊಂಡ ಮಾತು ನಮಗೆ ಗೊತ್ತು. ಅವರು ಆಡಿದ ಮಾತು ಇನ್ನೂ ಗೊತ್ತಿಲ್ಲ," ಎಂದರು ದೊಡ್ಡಮ್ಮ.

ಅಂಗಡಿ ಇಕ್ಕಟ್ಟಾಗಿತ್ತು. ಗೋಡೆಯ ಕೊಕ್ಕೆಗಳಲ್ಲಿ ತುತ್ತೂರಿಗಳು, ಮೇಜಿನ ಮೇಲೆ ಬೆಂಡಿನ ಚೂರು, ಚರ್ಮದ ಬಿಲ್ಲೆ, ಯಂತ್ರದೆಣ್ಣೆಯ ವಾಸನೆ. ಮಾಮ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಟೀಚರನ್ನು ನೋಡಿ ಎದ್ದರು, ಮತ್ತೆ ಕೂತರು.

"ಫೋನಲ್ಲಿ ಯಾರ ಜೊತೆ ಮಾತಾಡ್ತಿದ್ರಿ?" ದೊಡ್ಡಮ್ಮ ನೇರ ವಿಷಯಕ್ಕೆ ಬಂದರು.

"ಲೇಪ ಹಾಕೋನ ಜೊತೆ. ಹೆಬ್ಬೆರಳು ತಾಗೋ ಕಡೆ ಬೆಳ್ಳಿ ಸವೆದು ತೆಳ್ಳಗಾಗಿತ್ತು."

"ಏನಂದ್ರಿ? ನೀವು ಹೇಳಿದ ಮಾತನ್ನೇ ಹೇಳಿ."

ಮಾಮ ಟೀಚರ ಕಡೆ ನೋಡಿದರು. ತಲೆ ತಗ್ಗಿಸಿದರು. "ಒಳಗೆಲ್ಲಾ ನಿಕಲ್ಲೇ, ಅವಳಿಗೆ ಈಗ ಹೇಳೋದು ಬೇಡ, ಪರೀಕ್ಷೆ ಮುಗೀಲಿ — ಅಂದೆ."

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಕಲ್ಲೇ," ಎಂದರು ದೊಡ್ಡಮ್ಮ. "ನಕಲೇ ಅಲ್ಲ. ಬಸ್ಸಿನ ಸದ್ದಲ್ಲಿ ಒಂದು ಗುಡಿಸು ಹಾರಿಹೋಯ್ತು." ಇಂಥದ್ದು ಕೋರ್ಟಿನಲ್ಲೂ ಆಗಿತ್ತು ಎಂದು ಅವರು ನೆನಪಿಸಿಕೊಂಡರು. ಬೆರಳ ಗೆಣ್ಣಿಗೆ ಇಂಗ್ಲಿಷಿನಲ್ಲಿ 'ನಕಲ್' ಎನ್ನುತ್ತಾರೆ, ಸಣ್ಣ ಮೂಳೆ ಎಂದು ಅದರ ಹಳೆಯ ಅರ್ಥ. ಹೊಡೆದಾಟದ ಸಾಕ್ಷಿಯೊಬ್ಬ ಆ ಮಾತು ಬಳಸಿದ್ದನ್ನು 'ನಿಕಲ್' ಎಂದು ಬರೆದುಕೊಂಡ ಪೊಲೀಸರು ಲೋಹದ ಆಯುಧಕ್ಕಾಗಿ ಬಾವಿಯನ್ನೆಲ್ಲ ಜಾಲಾಡಿದ್ದರಂತೆ. ಆರೋಪಿ ಬರಿಗೈಯಲ್ಲಿ ಗುದ್ದಿದ್ದ, ಅಷ್ಟೇ.

ಟೀಚರಿಗೆ ಇನ್ನೂ ಅರ್ಥವಾಗಿರಲಿಲ್ಲ. "ನಿಕಲ್ ಅಂದ್ರೂ ನನ್ನದಲ್ಲ ತಾನೇ? ನನ್ನದು ಬೆಳ್ಳಿ."

"ನಿನ್ನದೇ ಕಣಮ್ಮ. ಬಾಲದ ಅಂಚಿನ ಮೇಲೆ ಉಗುರಾಡಿಸು."

ಟೀಚರ್ ಆಡಿಸಿದರು. ಉಗುರು ಒಂದು ಕಡೆ ಸಿಕ್ಕಿ ನಿಂತಿತು. ಅವರ ಕಣ್ಣು ತುಂಬಿತು.

"ಆ ಕಚ್ಚಿಗೆ ಇಂಗ್ಲಿಷಲ್ಲಿ 'ನಿಕ್' ಅಂತಾರೆ. ಕಳ್ಳತನಕ್ಕೂ ಕೆಲವರು ಅದೇ ಮಾತು ಆಡ್ತಾರೆ. ಇಲ್ಲಿ ಮೊದಲನೇದು ಇದೆ, ಎರಡನೇದು ಆಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನಿಕಲ್ಲೂ ಆ ನಿಕ್ಕಿಂದ ಬಂದದ್ದಾ? ಅಡ್ಡಹೆಸರಿಗೆ ನಿಕ್‌ನೇಮ್ ಅಂತಾರಲ್ಲ, ಅದೂ?"

"ಮೂರೂ ಬೇರೆ ಬೇರೆ ಮನೆಯವು. ನಿಕ್‌ನೇಮ್ ಮೊದಲು ಈಕ್‌ನೇಮ್ ಅಂತಿತ್ತು, ಹೆಚ್ಚಿನ ಹೆಸರು ಅಂತ. ಮುಂದಿದ್ದ 'ಆನ್', ಅಂದ್ರೆ 'ಒಂದು' ಅನ್ನೋ ಮಾತಿನ ಬಾಲದ 'ನ' ಅಂಟಿಕೊಂಡು ನಿಕ್ ಆಯ್ತು. ನಿಕಲ್ಲು ಅನ್ನೋದು ಭೂತದ ಹೆಸರು."

ಎಲ್ಲರೂ ಅವರನ್ನೇ ನೋಡಿದರು. ಹಿಂದೆ ಜರ್ಮನಿಯ ಗಣಿಗಳಲ್ಲಿ ಕೆಂಪಗೆ, ತಾಮ್ರದಂತೆ ಕಾಣುವ ಅದಿರು ಸಿಗುತ್ತಿತ್ತಂತೆ. ಎಷ್ಟು ಕಾಯಿಸಿದರೂ ತಾಮ್ರ ಬರದು. ಹೊಗೆ ಕುಡಿದವರಿಗೆ ಕಾಯಿಲೆ ಬೇರೆ, ಅದರಲ್ಲಿ ಪಾಷಾಣ ಇರುತ್ತಿತ್ತು. ಗಣಿಯವರು ತಮ್ಮ ತಾಮ್ರವನ್ನು ನಿಕಲ್ ಎಂಬ ತುಂಟ ಭೂತ ಕದ್ದಿದೆ, ವಿಷ ಹಾಕಿದ್ದೂ ಅದೇ ಎಂದು ಶಪಿಸಿದರು. ಆ ಅದಿರಿಗೆ ತಾಮ್ರಭೂತ ಎಂದೇ ಹೆಸರಿಟ್ಟರು. ಮುಂದೆ ಅದರಿಂದ ಹೊಸ ಲೋಹ ತೆಗೆದವರು ಹೆಸರಲ್ಲಿ ತಾಮ್ರವನ್ನು ಬಿಟ್ಟು ಭೂತವನ್ನು ಉಳಿಸಿಕೊಂಡರು.

"ಕದಿಯೋಕೆ ಅಲ್ಲಿ ತಾಮ್ರವೇ ಇರಲಿಲ್ಲ," ಎಂದರು ದೊಡ್ಡಮ್ಮ. "ಇಲ್ಲೂ ಅಷ್ಟೇ. ನಿಕಲ್ ಸಿಲ್ವರ್ ಅಂತ ಕರೆಯೋ ಲೋಹದಲ್ಲಿ ಸಿಲ್ವರ್ ಇರಲ್ಲ. ತಾಮ್ರ, ಸತು, ನಿಕಲ್ಲು. ನಿನ್ನ ಫ್ಲೂಟು ಅದರದ್ದು, ಮೇಲೆ ಮಾತ್ರ ತೆಳ್ಳಗೆ ಬೆಳ್ಳಿ. ಆ ಬೆಳ್ಳಿ ಇರೋವರೆಗೂ ನಿನ್ನ ಚರ್ಮಕ್ಕೆ ನಿಕಲ್ ತಾಗಿರಲಿಲ್ಲ. ಓಲೆ, ಗಡಿಯಾರ, ಈಗ ಇದು — ನಿಕಲ್ಲು ನಿನಗೆ ಆಗಿಬರಲ್ಲ. ಯಾರೂ ಏನೂ ಸವರಿಲ್ಲ."

"ಹಾಗಾದ್ರೆ ಬೆಳ್ಳಿ ಎಲ್ಲಿ ಹೋಯ್ತು? ಬಳ್ಳಿ ಎಲ್ಲಿ ಹೋಯ್ತು?"

"ಹೇಳ್ತೀನಿ. ಮಾಮ, ನಿಮ್ಮಲ್ಲಿ ಹೊಳಪು ಕೊಡೋ ಮೋಟಾರು ಚಕ್ರ ಇದೆಯಾ?"

"ಅದನ್ನ ಈ ಬಾಗಿಲ ಒಳಗೂ ಬಿಟ್ಟುಕೊಳ್ಳಲ್ಲ," ಎಂದರು ಮಾಮ.

ದೊಡ್ಡಮ್ಮ ಚೀಲದಿಂದ ಬಿಳಿ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಸೂಜಿ ಒರೆಸಿದ ಕಡೆ ಹಸಿರು ಮೇಣದ ಗೆರೆ. "ನನಗೆ ನೀರು ಕೊಟ್ಟ ಕೈಯ ಉಗುರುಗಳ ಸಂದಿಯಲ್ಲೂ ಇದೇ ಹಸಿರು ಇತ್ತು. ಚಕ್ರಕ್ಕೆ ಬಳಿಯೋ ಮೇಣ. ಹೌದಲ್ಲಪ್ಪಾ?"

ಟೀಚರ ಗಂಡ ಕೊನೆಗೂ ಕೈಗಳನ್ನು ಜೇಬಿನಿಂದ ತೆಗೆದರು.

ಮಾತು ತಡವರಿಸಿದರೂ ಏನನ್ನೂ ಮುಚ್ಚಿಡಲಿಲ್ಲ. ಕಪಾಟಿನ ಮೇಲಿದ್ದ ಪೆಟ್ಟಿಗೆ ತೆರೆದಾಗ ಫ್ಲೂಟು ಮಂಕಾಗಿ ಕಂಡಿತ್ತು. ಆಯ್ಕೆಯ ದಿನ ಅದು ಎಲ್ಲರ ಕಣ್ಣು ಕುಕ್ಕಬೇಕು ಎಂದು ಸಂಜೆ ಕಾರ್ಖಾನೆಗೆ ಒಯ್ದು ತಲೆಯ ತುಂಡನ್ನು ಚಕ್ರಕ್ಕೆ ಕೊಟ್ಟಿದ್ದರು, ಉಳಿದದ್ದನ್ನು ಅದೇ ಮೇಣ ಹಚ್ಚಿ ಕೈಯಲ್ಲೇ ತಿಕ್ಕಿದ್ದರು. ಬಳ್ಳಿ ಅಳಿಸಿಹೋದಾಗ ಚಕ್ರ ನಿಲ್ಲಿಸಿದ್ದರು. ಮಾರನೆಯ ದಿನ ಹೆಂಡತಿ ಇದು ತನ್ನದಲ್ಲ ಎಂದಾಗ ಬಾಯಿ ಬರಲಿಲ್ಲ. ಆಮೇಲೆ ಪ್ರತಿ ಗಂಟೆಗೂ ಹೇಳುವುದು ಇನ್ನಷ್ಟು ಕಷ್ಟವಾಯಿತು.

"ಅಪ್ಪಟ ಬೆಳ್ಳಿ ಅಂತಾನೇ ತಿಳ್ಕೊಂಡಿದ್ದೆ," ಎಂದರು ಅವರು. "ಒಂದು ಪದರ ಹೋದ್ರೂ ಒಳಗೂ ಬೆಳ್ಳಿ ತಾನೇ ಅಂತ."

ಟೀಚರ್ ಗಂಡನನ್ನು ದಿಟ್ಟಿಸಿದರು. ಬೈಯುತ್ತಾರೆ ಎಂದುಕೊಂಡೆ. ಅವರಿಗೆ ನಗು ಬಂತು. ಅಳುವೂ ಜೊತೆಗೇ ಬಂತು. ಮೂಗು ಒರೆಸಿಕೊಂಡು ಮಾಮನ ಮುಂದೆ ಹೋಗಿ ನಿಂತರು.

"ಅಪ್ಪನಿಗೆ ಗೊತ್ತಿತ್ತಾ, ಮಾಮ?"

"ಇಲ್ಲ ಕಣೇ. ಕೊಂಡಾಗ ಪಕ್ಕದಲ್ಲೇ ಇದ್ದೆ. ಡಬ್ಬಿ ಮೇಲೆ ಎರಡು ಪದ ಇತ್ತು. ಅವನು ಎರಡನೇದನ್ನ ಮಾತ್ರ ಓದ್ದ. ಅವತ್ತು ಅವನ ಮುಖ ನೋಡಿದ್ದಿದ್ರೆ ನೀನೂ ತಿದ್ದುತ್ತಿರಲಿಲ್ಲ. ನಿನಗೆ ಫ್ಲೂಟು ಕಲಿಸಿದ ಮೇಷ್ಟ್ರಿಗೂ ಗೊತ್ತಿತ್ತು. ಅವರೂ ಹೇಳಲಿಲ್ಲ."

ಟೀಚರ್ ಬಗ್ಗಿ ಅವರ ಕಾಲು ಮುಟ್ಟಲು ಹೋದರು. ಮಾಮ ಬಿಡಲಿಲ್ಲ. ಅದೆಲ್ಲ ಆಮೇಲೆ, ಮೊದಲು ಫ್ಲೂಟು ಕೊಡು ಎಂದರು. ಗುಂಡಿಗಳ ಸಂದಿಯ ಮೇಣವನ್ನು ಕಡ್ಡಿಯಿಂದ ತೆಗೆದರು. ತುಟಿತಟ್ಟೆಗೂ ಗೆಣ್ಣು ತಾಗುವ ಜಾಗಕ್ಕೂ ತೆಳುವಾದ ಪಾರದರ್ಶಕ ಪಟ್ಟಿ ಅಂಟಿಸಿ, ಹೊಸದಾಗಿ ಬೆಳ್ಳಿ ಹಾಕುವವರೆಗೆ ಇಷ್ಟು ಸಾಕು, ಚರ್ಮದ ಡಾಕ್ಟರಿಗೂ ತೋರಿಸಿಬಿಡು ಎಂದರು.

ಟೀಚರ್ ಅಲ್ಲೇ, ತುತ್ತೂರಿಗಳ ನಡುವೆ ನಿಂತು ನುಡಿಸಿದರು. ಮೊದಲ ಸ್ವರ ಬಿರುಕು ಬಿಟ್ಟಿತು, ಎರಡನೆಯದು ನಿಂತಿತು. ಗೋಡೆಯ ಮೇಲಿನ ವಾದ್ಯಗಳು ಸಣ್ಣಗೆ ಗುಂಯ್‌ಗುಟ್ಟಿದವು. ನಾದಿನಿಯ ಬಿಗಿದ ಭುಜಗಳು ಆಗ ಇಳಿದದ್ದನ್ನು ನಾನು ಕಂಡೆ. ಅಲ್ಲಿಂದ ನೇರ ಠಾಣೆಗೆ ಹೋಗಿ ದೂರು ವಾಪಸು ಪಡೆದೆವು. ಮಾಮ ನಾಳೆ ಬರಬೇಕಿಲ್ಲ ಎಂದು ಪೇದೆ ಅಲ್ಲಿಂದಲೇ ಫೋನು ಮಾಡಿ ತಿಳಿಸಿದ.

ಶನಿವಾರ ಸಂಜೆ ಟೀಚರ್ ಮಹಡಿ ಹತ್ತುವ ಮೊದಲು ನಮ್ಮ ಬಾಗಿಲು ತಟ್ಟಿದರು. ಹಿಂದೆ ಗಂಡ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು.

"ಸಿಕ್ತು," ಎಂದರು ಟೀಚರ್.

ಅಷ್ಟೇ ಹೇಳಿ ಚಪ್ಪಲಿ ಬಿಟ್ಟು ನಮ್ಮ ಸೋಫಾದ ಮೇಲೆ ಕಾಲು ಮಡಚಿ ಒರಗಿದವರು, ದೊಡ್ಡಮ್ಮ ಟೀ ತರುವಷ್ಟರಲ್ಲಿ ನಿದ್ದೆ ಹೋಗಿದ್ದರು. ಎಬ್ಬಿಸುವುದು ಬೇಡ ಎಂದು ದೊಡ್ಡಮ್ಮ ಸನ್ನೆ ಮಾಡಿದರು. ಅವರ ಗಂಡ ಸದ್ದಾಗದಂತೆ ಪಕ್ಕದ ಕುರ್ಚಿ ಎಳೆದುಕೊಂಡು, ಆ ಟೀಯನ್ನೂ ತಾವೇ ಕುಡಿದು, ಹೆಂಡತಿ ಏಳುವವರೆಗೆ ಅಲ್ಲೇ ಕೂತಿದ್ದರು.